ಹರಿದ ಪುಸ್ತಕ ಮತ್ತು ಹನ್ನೆರಡು ನಿಮಿಷ

ಅಂಟು ಕಾಯಿಸುವಾಗ ಕೈ ನಿಲ್ಲಿಸಬಾರದು. ಮೈದಾ ಹಿಟ್ಟು, ನೀರು, ಸಣ್ಣ ಉರಿ. ಒಂದು ಗಳಿಗೆ ಆಚೀಚೆ ನೋಡಿದರೆ ಸಾಕು, ತಳದಲ್ಲಿ ಗಂಟು ಕಟ್ಟಿಬಿಡುತ್ತದೆ. ಹನ್ನೊಂದು ವರ್ಷದಿಂದ ವಾರಕ್ಕೆ ಎರಡು ಬೆಳಿಗ್ಗೆ ತಿಂಡಿಯ ಪಾತ್ರೆ ಇಳಿಸಿ ಅದೇ ಒಲೆಯ ಮೇಲೆ ಅಂಟಿನ ಪಾತ್ರೆ ಇಡುತ್ತಾ ಬಂದಿದ್ದೇನೆ. ಆರಿದ ಮೇಲೆ ಡಬ್ಬಿಗೆ ತುಂಬಿ ಗ್ರಂಥಾಲಯಕ್ಕೆ ಒಯ್ಯುತ್ತೇನೆ. ಅಲ್ಲಿ ನೆಲಮಾಳಿಗೆಯಲ್ಲಿ ನನ್ನದೊಂದು ಉದ್ದನೆಯ ಮೇಜಿದೆ. ಓದುಗರ ಕೈಯಲ್ಲಿ ಹರಿದ ಪುಸ್ತಕಗಳು ಅಲ್ಲಿಗೆ ಇಳಿದು ಬರುತ್ತವೆ. ಹೊಲಿಸಿಕೊಂಡು, ಅಂಟಿಸಿಕೊಂಡು, ಬೆನ್ನು ನೆಟ್ಟಗೆ ಮಾಡಿಸಿಕೊಂಡು ಮತ್ತೆ ಮೇಲೆ ಹತ್ತಿ ಹೋಗುತ್ತವೆ.

ಆ ಸೋಮವಾರ ಅಂಟು ಇನ್ನೇನು ಗಟ್ಟಿಯಾಗಬೇಕು, ಫೋನು ಹೊಡೆದುಕೊಂಡಿತು. ಕೈ ಒದ್ದೆ. ಮಗಳೇ ಬಂದು ಸ್ಪೀಕರಿಗೆ ಹಾಕಿ ನನ್ನ ಮುಂದೆ ಹಿಡಿದಳು. ಗ್ರಂಥಪಾಲಕರ ಫೋನು.

"ನೋಡಿಮ್ಮಾ, ಬೆಳಿಗ್ಗೆ ಬೆಳಿಗ್ಗೆ ಇದನ್ನ ಹೇಳೋಕೆ ನನಗೂ ಬೇಜಾರೇ. ಸಮಿತಿಯಿಂದ ಪತ್ರ ಬಂದಿದೆ. ಓದಿಬಿಡ್ತೀನಿ, ಕೇಳಿ. 'ಜನರಿಗೆ ಬೇಡವಾದ ಹಳೆಯ, ಹರಿದ ಪುಸ್ತಕಗಳನ್ನು ವಿಲೇವಾರಿ ಮಾಡಿ ಹೊಸವನ್ನು ತರಿಸುವುದು. ದುರಸ್ತಿ ವಿಭಾಗವನ್ನು ಮುಚ್ಚುವುದು.' ಶನಿವಾರ ಹನ್ನೊಂದಕ್ಕೆ ಆನ್‌ಲೈನ್ ಸಭೆ. ನಿಮ್ಮ ಮಾತೂ ಕೇಳ್ಬೇಕು ಅಂತ ನಾನೇ ಹಟ ಹಿಡಿದೆ. ಹನ್ನೆರಡು ನಿಮಿಷ ಕೊಟ್ಟಿದ್ದಾರೆ."

"ಮುಚ್ಚಿದ್ರೆ ನಾನು?"

"ನಿಮ್ಮನ್ನ ಮೇಲೆ ಸದಸ್ಯರ ಕಾರ್ಡ್ ಮಾಡೋ ಕೌಂಟರಿಗೆ ಹಾಕ್ತಾರಂತೆ. ಕೆಲಸ ಹೋಗಲ್ಲ. ಮೇಜು ಹೋಗತ್ತೆ."

ಕೆಲಸ ಉಳಿಯುತ್ತದೆ, ಮೇಜು ಹೋಗುತ್ತದೆ. ಹೇಳುವಾಗ ಸಣ್ಣ ಮಾತು. ಹನ್ನೊಂದು ವರ್ಷ ಒಂದೇ ಕೆಲಸ ಮಾಡಿದ ಕೈಗೆ ಅದು ಎಷ್ಟು ದೊಡ್ಡದು ಎಂದು ಅವರಿಗೂ ಗೊತ್ತಿತ್ತು. ಫೋನ್ ಇಟ್ಟರು.

ನೋಡಿದರೆ ಅಂಟು ಗಂಟುಗಂಟಾಗಿತ್ತು. ಮಾವನವರು ಬಾಗಿಲಲ್ಲಿ ನಿಂತು ಇಣುಕಿದರು. ಒಮ್ಮೆ ಅವರು ಇದೇ ಅಂಟನ್ನು ಗಂಜಿ ಅಂದುಕೊಂಡು, ಉಪ್ಪು ಹಾಕಿಕೊಂಡು ಅರ್ಧ ಬಟ್ಟಲು ಕುಡಿದು, "ಯಾಕೋ ಇವತ್ತು ಸ್ವಲ್ಪ ಚಪ್ಪೆ ಕಣಮ್ಮಾ" ಅಂದಿದ್ದವರು. ಅಂದಿನಿಂದ ಏನನ್ನೇ ಕುಡಿಯುವ ಮೊದಲು ವಿಚಾರಿಸುತ್ತಾರೆ.

"ಇದು ನಮಗೋ, ಪುಸ್ತಕಕ್ಕೋ?"

"ಯಾರಿಗೂ ಅಲ್ಲ ಮಾವ. ಕೆಟ್ಟುಹೋಯ್ತು," ಎಂದೆ.

ಮಗಳು ಫೋನನ್ನು ಮೆಲ್ಲಗೆ ಕಪಾಟಿನ ಮೇಲಿಟ್ಟಳು. ಪೆನ್ಸಿಲು ಹುಡುಕಿ, ಉದ್ದ ಚೀಟಿಯೊಂದರ ಮೇಲೆ ಏನೋ ಬರೆದು, ನಾಲ್ಕು ಮಡಿಕೆ ಮಾಡಿ, ಗಾಜಿನ ಜಾಡಿಗೆ ಹಾಕಿದಳು.

ಆ ಜಾಡಿಯ ವಿಷಯ ಹೇಳಬೇಕು. ಅವಳಿಗೆ ಒಂಬತ್ತು ವರ್ಷ. ಹೋದ ವರ್ಷ ಶಾಲೆ ಕೆಲವು ತಿಂಗಳು ತೆರೆಯ ಮೇಲೆ ನಡೆದಾಗ, ಒಂದು ದಿನ ಕೈ ಎತ್ತಿ ಪ್ರಶ್ನೆ ಕೇಳಹೊರಟಿದ್ದಳು. ಅರ್ಧ ಮಾತಿಗೆ ನೆಟ್‌ವರ್ಕ್ ಕೈಕೊಟ್ಟಿತು. ಬಾಯಿ ತೆರೆದ, ಕಣ್ಣು ಅರೆಮುಚ್ಚಿದ ಅವಳ ಮುಖ ಹಾಗೇ ನಿಂತುಬಿಟ್ಟಿತು. ಮೂವತ್ತು ಮಕ್ಕಳು ನಕ್ಕರು. ಚಿತ್ರ ಮತ್ತೆ ಓಡುವ ಹೊತ್ತಿಗೆ ಟೀಚರ್ ಮುಂದಿನ ಪಾಠಕ್ಕೆ ಹೋಗಿಯಾಗಿತ್ತು. ಅವತ್ತಿನಿಂದ ಅವಳು ಪ್ರಶ್ನೆಯನ್ನು ಬಾಯಿಬಿಟ್ಟು ಕೇಳಿರಲಿಲ್ಲ, ಮನೆಯಲ್ಲೂ. ಬೇರೆ ಮಾತಿಗೇನೂ ಬರವಿಲ್ಲ. ತಾತನ ಜೊತೆ ಜಗಳಕ್ಕೆ ನಿಂತರೆ ಅವರೇ ಸೋಲಬೇಕು. ಪ್ರಶ್ನೆ ಮಾತ್ರ ಚೀಟಿಯಲ್ಲಿ. ನಾನು ಕೆಲಸದಿಂದ ತರುವ ಕಾಗದದ ಅಂಚುಗಳೇ ಅವಳ ಚೀಟಿ. ತಾತ ಅವಳಿಗೆ 'ಚೀಟಮ್ಮ' ಎಂದು ಹೆಸರಿಟ್ಟಿದ್ದಾರೆ. ಅವತ್ತಿನ ಚೀಟಿಗೆ ಅವತ್ತೇ ಉತ್ತರ, ಇದು ನಮ್ಮಿಬ್ಬರ ಒಪ್ಪಂದ. ಬಲವಂತ ಮಾಡಬೇಡಿ, ತಾನಾಗೇ ಬಾಯಿಗೆ ಬರಲಿ ಎಂದು ಮನೆಯವರಿಗೆಲ್ಲ ಹೇಳಿದ್ದೆ.

ಆ ವಾರ ಒಪ್ಪಂದ ಮುರಿದವಳು ನಾನೇ.

ಮಂಗಳವಾರ ಸಂಜೆ ತಂಗಿ ಬಂದಳು. ಕಚೇರಿಯವರಿಗೆ ತೆರೆಯ ಮೇಲೆ ಮಾತಾಡುವುದು ಹೇಗೆ ಎಂದು ಹೇಳಿಕೊಡುವುದೇ ಅವಳ ಕೆಲಸ. ಬಂದವಳೇ ಚೀಲದಿಂದ ಲ್ಯಾಪ್‌ಟಾಪು ತೆಗೆದು ಊಟದ ಮೇಜಿನ ಮೇಲಿಟ್ಟಳು.

"ಮಾತಾಡು ಅಕ್ಕಾ. ನಾನೇ ಸಮಿತಿ ಅಂದ್ಕೋ."

ನಾನು ಎರಡು ದಿನ ಕೂತು ಮೂವತ್ತೊಂದು ಸ್ಲೈಡು ಮಾಡಿದ್ದೆ. ಯಾವ ವರ್ಷ ಎಷ್ಟು ಪುಸ್ತಕ, ಎಷ್ಟು ಮಾರು ದಾರ, ಎಷ್ಟು ಕಿಲೋ ಹಿಟ್ಟು, ಎಲ್ಲ ಇತ್ತು. ಆರನೆಯ ಸ್ಲೈಡಿಗೇ ತಂಗಿ ಕೈ ಎತ್ತಿದಳು.

"ಅಕ್ಕಾ, ಇದು ಭಾಷಣನಾ, ಟೆಲಿಫೋನ್ ಡೈರೆಕ್ಟರಿನಾ? ತೆರೆ ಮೇಲಿರೋದನ್ನ ಅವರೂ ಓದ್ತಿದ್ದಾರೆ, ನೀನೂ ಓದ್ತಿದ್ದೀಯ. ಮಾತಾಡೋರು ಯಾರು ಮತ್ತೆ?"

"ನನಗೆ ಮರೆತುಹೋದ್ರೆ?"

"ಹನ್ನೊಂದು ವರ್ಷ ಮಾಡಿದ್ದು ಮರೆಯತ್ತಾ? ಮತ್ತೆ ಕಿಟಕಿಗೆ ಬೆನ್ನು ಕೊಟ್ಟು ಕೂತಿದ್ದೀಯ. ಮುಖ ಪೂರ್ತಿ ಕಪ್ಪು. ಯಾರನ್ನೋ ಕದ್ದೊಯ್ದು ಹಣ ಕೇಳೋರ ವಿಡಿಯೋ ಥರ ಕಾಣ್ತೀಯ."

ಮಾವನವರು ಕೆಮ್ಮಿ ನಗು ಮುಚ್ಚಿಕೊಂಡರು. ಮೇಜನ್ನೇ ತಿರುಗಿಸಿದೆವು. ಕಿಟಕಿ ಎದುರಿಗೆ ಬಂತು, ಮುಖಕ್ಕೆ ಬೆಳಕು ಬಂತು. ಲ್ಯಾಪ್‌ಟಾಪಿನ ಕೆಳಗೆ ಮೂರು ದಪ್ಪ ಪುಸ್ತಕ ಇಟ್ಟು ಕ್ಯಾಮೆರಾವನ್ನು ಕಣ್ಣಿನ ಎತ್ತರಕ್ಕೆ ತಂದಳು. ಇಲ್ಲದಿದ್ದರೆ ಅವರಿಗೆ ಕಾಣುವುದು ನನ್ನ ಮೂಗಿನ ಹೊಳ್ಳೆಗಳೇ ಅಂತೆ.

"ಈಗ ಮುಖ್ಯವಾದ್ದು. ಮಾತಾಡುವಾಗ ಕೆಳಗಿನ ಮುಖಗಳನ್ನ ನೋಡಬೇಡ, ಮೇಲಿನ ಈ ತೂತು ನೋಡು. ಆಗ ಅವರಿಗೆ ನೀನು ತಮ್ಮನ್ನೇ ನೋಡ್ತಿದ್ದೀಯ ಅನ್ಸತ್ತೆ."

ತೂತನ್ನು ನೋಡಿ ಮಾತಾಡುವುದು ಎಷ್ಟು ಕಷ್ಟ ಎಂದು ಮಾಡಿದವರಿಗೇ ಗೊತ್ತು. ಎರಡು ವಾಕ್ಯಕ್ಕೊಮ್ಮೆ ಕಣ್ಣು ತಾನಾಗೇ ಜಾರಿ ಕೆಳಗಿಳಿಯುತ್ತಿತ್ತು. ಮಗಳು ಪಕ್ಕದಲ್ಲಿ ಕೂತು ಬೆರಳು ಮಡಿಸಿ ಎಣಿಸುತ್ತಿದ್ದಳು. "ನಲವತ್ತೆರಡು ಸಲ ಕೆಳಗೆ ನೋಡಿದೆ ಅಮ್ಮಾ," ಎಂದು ವರದಿ ಕೊಟ್ಟಳು. ಆಮೇಲೆ ಹಳೆಯ ಕೋಟಿನಿಂದ ಒಂದು ದೊಡ್ಡ ಕಪ್ಪು ಗುಂಡಿ ಕಿತ್ತು ತಂದು, ನನ್ನದೇ ಅಂಟು ಹಚ್ಚಿ ಕ್ಯಾಮೆರಾದ ಪಕ್ಕ ಅಂಟಿಸಿದಳು. ನೋಡುವುದಕ್ಕೆ ಒಂದು ಕಣ್ಣು ಸಿಕ್ಕಂತಾಯಿತು. ಮುಂದಿನ ಸಲ ಹದಿನೇಳಕ್ಕೆ ಇಳಿದೆ.

ತಂಗಿ ಹೊರಡುವ ಹೊತ್ತಿಗೆ ಮಗಳು ಅವಳ ಕೈಗೊಂದು ಚೀಟಿ ತುರುಕಿದಳು. ತಂಗಿ ಜೋರಾಗಿ ಓದಿದಳು: "ಅಮ್ಮ ತೂತು ನೋಡಿದ್ರೆ ಅವರಿಗೆ ಅಮ್ಮ ನೋಡ್ತಿದ್ದಾಳೆ ಅನ್ಸತ್ತೆ, ಆದ್ರೆ ಅಮ್ಮಂಗೆ ಅವರು ಕಾಣಲ್ಲ. ಅವರ ಮುಖ ನೋಡಿದ್ರೆ ಅಮ್ಮಂಗೆ ಕಾಣತ್ತೆ, ಆದ್ರೆ ಅವರಿಗೆ ಅಮ್ಮ ನೋಡ್ತಿಲ್ಲ ಅನ್ಸತ್ತೆ. ಹಾಗಾದ್ರೆ ಯಾರು ಯಾರನ್ನ ನೋಡ್ತಿರ್ತಾರೆ?"

ತಂಗಿ ಚಪ್ಪಲಿ ಹಾಕಿಕೊಂಡವಳು ಮತ್ತೆ ಬಿಚ್ಚಿ ಒಳಗೆ ಬಂದು ಕೂತಳು. "ಎಂಟು ವರ್ಷದಿಂದ ಪಾಠ ಮಾಡ್ತಿದ್ದೀನಿ, ಇದನ್ನ ಯಾರೂ ಕೇಳಿರ್ಲಿಲ್ಲ," ಎಂದಳು. ಸ್ವಲ್ಪ ಯೋಚಿಸಿ, "ಯಾರೂ ಯಾರನ್ನೂ ನೋಡ್ತಿರಲ್ಲ ಕಣೇ. ಅದಕ್ಕೇ ಅಲ್ಲಿ ಪ್ರಶ್ನೆ ಬಹಳ ಮುಖ್ಯ. ಎದುರಿಗೆ ಕೂತಿದ್ರೆ ತಲೆಯಾಡಿಸೋದು ಕಾಣತ್ತೆ, ಆಕಳಿಸೋದು ಕಾಣತ್ತೆ. ತೆರೆ ಮೇಲೆ ಯಾರಾದ್ರೂ ಒಂದು ಪ್ರಶ್ನೆ ಕೇಳಿದ್ರೆ ಮಾತ್ರ ಮಾತು ಮುಟ್ಟಿತು ಅಂತ ಗೊತ್ತಾಗೋದು," ಎಂದು ನನ್ನ ಕಡೆ ತಿರುಗಿದಳು. "ಒಂದೇ ಒಂದು ಪ್ರಶ್ನೆ ಬರಲಿ ಅಕ್ಕಾ, ನಿನ್ನ ಮೇಜು ಉಳಿದ ಹಾಗೆ."

ಮಗಳು ಇದನ್ನು ಕಣ್ಣರಳಿಸಿ ಕೇಳಿಸಿಕೊಂಡಳು.

ಬುಧವಾರ, ಗುರುವಾರ ಬಟ್ಟೆ ಹಿಂಡುತ್ತಾ, ಪಾತ್ರೆ ಉಜ್ಜುತ್ತಾ ಅದೇ ಹನ್ನೆರಡು ನಿಮಿಷ ಹೇಳಿಕೊಂಡೆ. ಮೂವತ್ತೊಂದು ಸ್ಲೈಡು ಮೂರಾದವು. ಅದರಲ್ಲೂ ಕೊನೆಯದರ ಬದಲು ನಿನ್ನ ಕೈಗಳನ್ನೇ ತೋರಿಸು ಎಂದು ತಂಗಿ ಫೋನಿನಲ್ಲಿ ಹೇಳಿದಳು. ನನ್ನ ಫೋನಿನಿಂದಲೂ ಸಭೆಗೆ ಸೇರಿ, ಅದನ್ನು ಪುಸ್ತಕದ ಮೇಲೆ ಹಿಡಿದರೆ ಹರಿದ ಹಾಳೆ ಕೂಡಿಕೊಳ್ಳುವುದು ಎಲ್ಲರಿಗೂ ಕಾಣುತ್ತದಂತೆ. ಹಿಡಿಯುವುದು ಮಗಳ ಕೆಲಸ. "ಫೋನಿನ ಮೈಕ್ ಮುಚ್ಚಿರಲಿ. ಎರಡೂ ಒಟ್ಟಿಗೆ ತೆರೆದ್ರೆ ಕುಂಯ್ ಅಂತ ಕೂಗಿ ಎಲ್ಲರ ಕಿವಿ ತೂತಾಗತ್ತೆ. ನಿನ್ನ ಮಾತು ಮುಗಿದ ಮೇಲೆ ಲ್ಯಾಪ್‌ಟಾಪಿಂದೂ ಮುಚ್ಚು," ಎಂದು ತಂಗಿ ನಮ್ಮಿಬ್ಬರನ್ನೂ ಎಚ್ಚರಿಸಿದಳು.

ಶುಕ್ರವಾರ ಅಡುಗೆಮನೆ ಒರೆಸುವಾಗ ಜಾಡಿ ಕಣ್ಣಿಗೆ ಬಿತ್ತು. ಆರು ಚೀಟಿ ಸೇರಿದ್ದವು. ಸೋಮವಾರದ್ದು ತಳದಲ್ಲಿತ್ತು. ಮಗಳು ಹಿಂದೆಯೇ ನಿಂತಿದ್ದಳು.

"ನಾಳೆ ಮುಗೀಲಿ ಚಿನ್ನಾ, ಎಲ್ಲಾ ಒಟ್ಟಿಗೆ ಓದ್ತೀನಿ."

"ಮೊದಲನೇದಾದ್ರೂ ಓದಮ್ಮಾ."

"ನಾಳೆ ಅಂದೆನಲ್ಲ."

ಅವಳು ಹಟ ಮಾಡಲಿಲ್ಲ. ಮಾಡಿದ್ದರೆ ಓದುತ್ತಿದ್ದೆನೇನೋ.

ಶನಿವಾರ ಹನ್ನೊಂದಕ್ಕೆ ಸಭೆ ತೆರೆಯಿತು. ಎಂಟು ಚೌಕಗಳಲ್ಲಿ ಐದು ಕಪ್ಪು. ಒಂದರಲ್ಲಿ ತಿರುಗುವ ಫ್ಯಾನು, ಒಂದರಲ್ಲಿ ಗ್ರಂಥಪಾಲಕರ ಆತಂಕದ ಮುಖ, ಇನ್ನೊಂದರಲ್ಲಿ ಅಧ್ಯಕ್ಷೆಯ ಹಣೆ ಮತ್ತು ಕನ್ನಡಕ. ಅವರಿಗೂ ಯಾರಾದರೂ ಮೂರು ದಪ್ಪ ಪುಸ್ತಕ ಕೊಡಬಾರದೇ ಅನ್ನಿಸಿತು. ಮಾವನವರು ಹೊರಬಾಗಿಲಲ್ಲಿ ಕುರ್ಚಿ ಹಾಕಿ ಕಾವಲು ಕೂತರು, ಯಾರೂ ಗಂಟೆ ಒತ್ತದ ಹಾಗೆ.

ಗುಂಡಿ ನೋಡಿಕೊಂಡು ಮಾತಾಡಿದೆ. ಚೆನ್ನಾಗಿಯೇ ಆಡಿದೆ, ನನಗೇ ಆಶ್ಚರ್ಯ. ಬಂದಾಗ ಪುಸ್ತಕ ಹೀಗಿತ್ತು, ಹೋಗುವಾಗ ಹೀಗಾಯಿತು ಎಂದು ಎರಡು ಚಿತ್ರ ತೋರಿಸಿದೆ. ಆಮೇಲೆ ಮಗಳು ಮೊಣಕೈಯನ್ನು ಮೇಜಿಗೆ ಊರಿ ಫೋನನ್ನು ನನ್ನ ಕೈಗಳ ಮೇಲೆ ಹಿಡಿದಳು. ಮಕ್ಕಳ ಚಿತ್ರಕಥೆಯ ಪುಸ್ತಕವೊಂದು. ನಡುವೆ ಒಂದು ಹಾಳೆ ಮೇಲಿಂದ ಕೆಳಗೆ ಹರಿದಿತ್ತು. ಹರಿದ ಅಂಚಿಗೆ ಕುಂಚದಿಂದ ಅಂಟು ಸವರಿ, ನಾರುಗಳು ಒಂದರೊಳಗೊಂದು ಕೂರುವಂತೆ ಸೇರಿಸಿ, ಮೇಲೆ ತೆಳು ಕಾಗದ ಇಟ್ಟು ಬೆರಳಿನಿಂದ ಸವರಿದೆ. ಹರಿದ ಜಾಗ ಕಣ್ಣೆದುರೇ ಮಾಯವಾಯಿತು. ಇದನ್ನು ಸಾವಿರಾರು ಸಲ ಮಾಡಿದ್ದೇನೆ. ಆದರೂ ಆ ಗಳಿಗೆಗೆ ಉಸಿರು ಹಿಡಿಯುತ್ತೇನೆ.

"ಇಷ್ಟೇ ನನ್ನ ಕೆಲಸ. ನಿಮ್ಮ ಪ್ರಶ್ನೆಗಳಿದ್ದರೆ ಕೇಳಿ," ಎಂದು, ತಂಗಿ ಹೇಳಿದಂತೆ ಲ್ಯಾಪ್‌ಟಾಪಿನ ಮೈಕ್ ಮುಚ್ಚಿದೆ.

ಯಾರೂ ಮಾತಾಡಲಿಲ್ಲ.

ಈಗ ಗುಂಡಿ ಬಿಟ್ಟು ಚೌಕಗಳನ್ನು ನೋಡಿದೆ. ಫ್ಯಾನು ತಿರುಗುತ್ತಿತ್ತು. ಕಪ್ಪು ಚೌಕಗಳು ಕಪ್ಪಾಗಿಯೇ ಇದ್ದವು. ಇದ್ದಾರೋ, ಎದ್ದು ಟೀ ತರಲು ಹೋಗಿದ್ದಾರೋ ತಿಳಿಯುವಂತಿರಲಿಲ್ಲ. ಒಂದೇ ಒಂದು ಪ್ರಶ್ನೆ ಎಂದಿದ್ದಳು ತಂಗಿ.

"ಬಹಳ ಅಚ್ಚುಕಟ್ಟಾಗಿ ತೋರಿಸಿದಿರಿ," ಎಂದರು ಅಧ್ಯಕ್ಷೆ. ದನಿಯಲ್ಲಿ ಒರಟುತನವಿರಲಿಲ್ಲ. "ಪ್ರಶ್ನೆಗಳಿಲ್ಲ ಅಂತ ಕಾಣತ್ತೆ. ನಿಮ್ಮ ಶ್ರಮ ದೊಡ್ಡದು, ಇಲ್ಲ ಅನ್ನಲ್ಲ. ಆದ್ರೆ ಜನರಿಗೆ ಬೇಡವಾದ ಪುಸ್ತಕಗಳಿಗೆ ಇಷ್ಟು ಶ್ರಮ ಯಾಕೆ ಅನ್ನೋದೇ ನಮ್ಮ ಯೋಚನೆ. ಹಾಗಾದ್ರೆ ನಿರ್ಣಯಕ್ಕೆ ಹೋಗೋಣ್ವಾ?"

ತೆರೆಯ ಮೂಲೆಯಲ್ಲಿ, ಮಗಳ ಕೈಯಲ್ಲಿದ್ದ ಫೋನು ತೋರಿಸುತ್ತಿದ್ದ ಪುಸ್ತಕದ ಚಿತ್ರ ಅಲುಗಾಡಿತು. ತಿರುಗಿ ನೋಡಿದೆ. ಎರಡೂ ಕೈಯಲ್ಲಿ ಫೋನು ಹಿಡಿದವಳು ನನ್ನನ್ನೇ ನೋಡುತ್ತಿದ್ದಳು. ಹೆಬ್ಬೆರಳು ಮೈಕಿನ ಗುರುತಿನ ಮೇಲೆ ಹೋಗಿ ನಿಂತಿತ್ತು, ಒತ್ತಿರಲಿಲ್ಲ. ಅವಳು ಏನು ಹೇಳಲಿದ್ದಾಳೋ ನನಗೆ ಗೊತ್ತಿರಲಿಲ್ಲ. ಆದರೆ ಒಂದು ಹೊಳೆಯಿತು: ಆ ಫೋನಿನಲ್ಲಿ ಅವಳ ಮುಖ ಯಾರಿಗೂ ಕಾಣುವುದಿಲ್ಲ. ಚಿತ್ರ ನಿಂತರೂ ನಿಲ್ಲುವುದು ಪುಸ್ತಕದ ಹಾಳೆ ಅಷ್ಟೇ.

ನಾನು ತಲೆಯಾಡಿಸಿದೆ.

ಕೆಂಪು ಗುರುತು ಹೋಯಿತು. "ಅಮ್ಮಾ..." ಅಂದಳು. ಆ ಒಂದು ಮಾತು ಒಮ್ಮೆ ಕೋಣೆಯಲ್ಲಿ ಕೇಳಿಸಿತು, ಅರೆಗಳಿಗೆ ತಡವಾಗಿ ಮತ್ತೊಮ್ಮೆ ತೆರೆಯಿಂದ ಕೇಳಿಸಿತು. ಅವಳು ಬೆಚ್ಚಿ ನಿಲ್ಲಿಸಿದಳು. ನಾನು ಕೈ ಚಾಚಿ ಲ್ಯಾಪ್‌ಟಾಪಿನ ಸದ್ದು ಪೂರ್ತಿ ಇಳಿಸಿದೆ. ಈಗ ಕೋಣೆಯಲ್ಲಿ ಅವಳದೊಂದೇ ದನಿ. ಅಧ್ಯಕ್ಷೆಯ ಕನ್ನಡಕ ಕೆಳಗಿಳಿದು, ಮೊದಲ ಸಲ ಅವರ ಪೂರ್ತಿ ಮುಖ ಚೌಕದೊಳಗೆ ಬಂತು. ಎರಡು ಕಪ್ಪು ಚೌಕಗಳಿಗೆ ಬೆಳಕು ಬಂತು.

ಮಗಳು ಉಸಿರು ಎಳೆದುಕೊಂಡಳು. ಸೋಮವಾರದ ಚೀಟಿ ಅವಳಿಗೆ ಬಾಯಿಪಾಠವಾಗಿತ್ತು.

"ಯಾರಿಗೂ ಬೇಡದ ಪುಸ್ತಕ ಆಗಿದ್ರೆ, ಅದು ಹರಿಯೋದು ಹೇಗಮ್ಮಾ?"