ಹಿಟ್ಟು ಉಕ್ಕಿದ ದಿನ ತಲೆ ನೋಯಲಿಲ್ಲ

ಮೊದಲು ನಾನು ಅನುಮಾನಪಟ್ಟಿದ್ದು ಮಗಳ ಮೇಲೆಯೇ.

ಆ ಜನವರಿಯಲ್ಲಿ ಕೋವಿಡ್ ಕಾರಣ ಈ ಪರದೇಶದ ಶಾಲೆಗಳು ಮತ್ತೆ ಮುಚ್ಚಿದ್ದವು. ಕ್ಲಾಂಡಾಲ್ಕಿನ್‌ನ ನಮ್ಮ ಬಾಡಿಗೆ ಮನೆಯಲ್ಲಿ ಮಲಗುವ ಕೋಣೆ ಎರಡೇ. ಒಂದರಲ್ಲಿ ನನ್ನ ಗಂಡ ಚಾಮರಾಜ ಹೆಡ್‌ಸೆಟ್ ಹಾಕಿಕೊಂಡು ಬೆಳಗಿನಿಂದ ಸಂಜೆಯವರೆಗೆ ಮೀಟಿಂಗ್‌ನಲ್ಲಿರುತ್ತಿದ್ದರು. ಇನ್ನೊಂದರಲ್ಲಿ ಅತ್ತೆ ಅನಸೂಯಮ್ಮ. ಹಿಂದಿನ ವರ್ಷ ಮೊಮ್ಮಗಳನ್ನು ನೋಡಿ ಹೋಗೋಣವೆಂದು ಮೈಸೂರಿನಿಂದ ಬಂದವರು, ವಿಮಾನಗಳು ನಿಂತು ಇಲ್ಲೇ ಉಳಿದುಬಿಟ್ಟಿದ್ದರು. ಕೆಳಗೆ ಇಡೀ ದಿನ ನನ್ನ ಕುಕ್ಕರು, ಮಿಕ್ಸಿ. ಹತ್ತು ವರ್ಷದ ವಸುಂಧರಾ ಆನ್‌ಲೈನ್ ಕ್ಲಾಸಿಗೆ ಎಲ್ಲಿ ಕೂರಬೇಕು? ಮನೆಯ ಪಕ್ಕ ನಿಂತಿದ್ದ ಕ್ಯಾಂಪರ್ ವ್ಯಾನಿನಲ್ಲಿ ಕೂರಿಸಿದೆವು.

ಹಾಸಿಗೆ, ಒಲೆ, ಫ್ರಿಜ್, ಪುಟ್ಟ ಮೇಜು ಎಲ್ಲ ಇರುವ ಹಳೆಯ ವ್ಯಾನು ಅದು. ಊರೂರು ಸುತ್ತೋಣವೆಂದು, ಇಲ್ಲಿನ ಇನ್ನೊಂದು ಊರಾದ ಕಾರ್ಕ್‌ನ ಒಬ್ಬರಿಂದ ಕೊಂಡಿದ್ದೆವು. ಮನೆಯಿಂದ ಐದು ಕಿಲೋಮೀಟರ್ ದಾಟಬಾರದೆಂಬ ನಿಯಮ ಬಂದು, ಬೇಲಿಗೆ ಆತು ನಿಂತಲ್ಲೇ ನಿಂತಿತ್ತು. ಅಡುಗೆಮನೆಯ ಕಿಟಕಿಯಿಂದ ವೈರ್ ಎಳೆದು ಅವಳಿಗೊಂದು ಹೀಟರ್, ಒಂದು ದೀಪ ಹಾಕಿಕೊಟ್ಟೆ.

ವಾರ ಕಳೆಯುವಷ್ಟರಲ್ಲಿ ತಲೆನೋವು ಶುರುವಾಯಿತು. ಮಧ್ಯಾಹ್ನ ಒಳಗೆ ಬಂದವಳೇ ಸೋಫಾದ ಮೇಲೆ ಉರುಳಿಕೊಳ್ಳುತ್ತಿದ್ದಳು. ಊಟ ಬೇಡ, ವಾಂತಿ ಬರುವ ಹಾಗಾಗುತ್ತದೆ ಎನ್ನುತ್ತಿದ್ದಳು. ಶನಿವಾರ ಭಾನುವಾರ ಮಾತ್ರ ಏನೂ ಇಲ್ಲ.

"ಇದು ಮ್ಯಾಥ್ಸ್ ನೋವು ಕಣೇ," ಎಂದರು ಚಾಮರಾಜ. "ಶನಿವಾರ ಮ್ಯಾಥ್ಸ್ ಇಲ್ಲ, ನೋವೂ ಇಲ್ಲ."

"ಐಯಾಮ್ ನಾಟ್ ಮೇಕಿಂಗ್ ಇಟ್ ಅಪ್, ಅಪ್ಪಾ," ಎಂದಳು ವಸು, ಕಣ್ಣು ಮುಚ್ಚಿಕೊಂಡೇ.

ಅವಳ ಟೀಚರ್ ಕೂಡ ಮೆಸೇಜ್ ಕಳಿಸಿದ್ದರು: ಕ್ಲಾಸಿನ ನಡುವೆ ಮೇಜಿನ ಮೇಲೆ ತಲೆಯಿಟ್ಟು ಮಲಗುತ್ತಾಳೆ, ಆಮೇಲೆ ಕ್ಯಾಮೆರಾ ಆಫ್. ನಾನು ಬಟ್ಟೆ ಒಣಹಾಕುವ ನೆಪದಲ್ಲಿ ವ್ಯಾನಿನ ಕಿಟಕಿಯಿಂದ ಇಣುಕಿ ನೋಡತೊಡಗಿದೆ. ಆಟ ಆಡುತ್ತಿದ್ದಾಳೇನೋ, ಕದ್ದು ವಿಡಿಯೋ ನೋಡುತ್ತಿದ್ದಾಳೇನೋ. ಅಂಥದ್ದೇನೂ ಕಾಣಲಿಲ್ಲ. ಹಣೆ ಒತ್ತಿಕೊಂಡು ಬರೆಯುತ್ತಿದ್ದಳು.

ಕೋವಿಡ್ ಇರಬಹುದೆಂದು ಟೆಸ್ಟ್ ಮಾಡಿಸಿದೆವು. ಇರಲಿಲ್ಲ. ಕನ್ನಡಕ ಬೇಕೇನೋ ಎಂದುಕೊಂಡೆ. ಅತ್ತೆಗೆ ಮಾತ್ರ ಯಾವ ಸಂಶಯವೂ ಇರಲಿಲ್ಲ.

"ಶೀತಗಾಳಿ ಕಣಮ್ಮ. ಆ ಡಬ್ಬದೊಳಗೆ ಇನ್ನೂ ಎಲ್ಲಿಂದಲೋ ಸುಯ್ ಅಂತ ಗಾಳಿ ಬರ್ತಿರುತ್ತೆ. ಕಿವೀಲಿ ಹೊಕ್ಕಿದೆ." ಹಳೆಯ ಹತ್ತಿ ಸೀರೆ ಹರಿದು ನಮಗೆಲ್ಲ ಮಾಸ್ಕ್ ಹೊಲಿಯುತ್ತಿದ್ದವರು, ಎದ್ದು ಹೋಗಿ ಮೊಮ್ಮಗಳ ತಲೆಗೆ ಮಫ್ಲರ್ ಸುತ್ತಿ ಬಂದರು.

ಆ ವ್ಯಾನಿನ ಫ್ರಿಜ್ ಬಗ್ಗೆ ಹೇಳಬೇಕು. ಅದು ಗ್ಯಾಸಿನಲ್ಲಿ ಓಡುತ್ತಿತ್ತು. ಹಿಂದುಗಡೆ ಕೆಳಗೊಂದು ಸಣ್ಣ ಜ್ವಾಲೆ ಉರಿದು ಒಳಗೆ ತಣ್ಣಗಾಗುವುದು. ಬೆಂಕಿಯಿಂದ ತಂಪು ಮಾಡುವ ಆ ಪೆಟ್ಟಿಗೆಯನ್ನು ನಾನು ಮೊದಲಿನಿಂದಲೂ ನಂಬಿರಲಿಲ್ಲ. ಕರೆಂಟಿನಲ್ಲೂ ಓಡಬೇಕಿತ್ತು, ಆ ಭಾಗ ಕೆಟ್ಟಿತ್ತು. ವಾರಕ್ಕೊಮ್ಮೆ ಸಾಮಾನು ತಂದು ಮನೆಯ ಫ್ರಿಜ್ ತುಂಬಿಹೋಗುತ್ತಿದ್ದುದರಿಂದ ದೋಸೆ ಹಿಟ್ಟು, ಕೊತ್ತಂಬರಿ, ಕರಿಬೇವನ್ನು ಅದರಲ್ಲಿಡುತ್ತಿದ್ದೆ.

ಒಂದು ಗುರುವಾರ ಸಂಜೆ ಹಿಟ್ಟು ತರಲು ಹೋದರೆ ಪಾತ್ರೆಯ ಮುಚ್ಚಳ ಎದ್ದಿತ್ತು. ಹಿಟ್ಟು ಉಕ್ಕಿ, ಕೊತ್ತಂಬರಿಯ ಮೇಲೆಲ್ಲ ಹರಿದು, ಬಾಗಿಲ ಸಂದಿನಿಂದ ನೆಲಕ್ಕೆ ಇಳಿಯುತ್ತಿತ್ತು. ಫ್ರಿಜ್ ಬೆಚ್ಚಗಿತ್ತು. ಹಿಂದಿನ ರಾತ್ರಿಯೇ ಸಿಲಿಂಡರ್ ಖಾಲಿಯಾಗಿರಬೇಕು. ಬಕೆಟ್ ತಂದು ಒರೆಸಲು ಕೂತೆ. ಮನೆಯೊಳಗಿನಿಂದ ವಸು ಜೋರಾಗಿ ಹಾಡುವುದು ಕೇಳಿಸುತ್ತಿತ್ತು. ಮಧ್ಯಾಹ್ನ ಎರಡು ಸಲ ಅನ್ನ ಹಾಕಿಸಿಕೊಂಡು ತಿಂದಿದ್ದಳು.

"ಪುಟ್ಟಿ, ಇವತ್ತು ತಲೆನೋವು?" ಎಂದು ಕೂಗಿ ಕೇಳಿದೆ.

"ನೋ. ಐಯಾಮ್ ಗ್ರ್ಯಾಂಡ್, ಅಮ್ಮ." ಚೆನ್ನಾಗಿದ್ದೇನೆ ಎನ್ನಲು ಇಲ್ಲಿನ ಮಕ್ಕಳ ಮಾತು ಅದು.

ಒದ್ದೆ ಬಟ್ಟೆ ಕೈಯಲ್ಲೇ ಉಳಿಯಿತು. ಫ್ರಿಜ್ ಉರಿಯದ ದಿನ ಅವಳ ತಲೆ ನೋಯಲಿಲ್ಲ.

ಮರುದಿನ ಸಿಲಿಂಡರ್ ಬದಲಿಸಲು ಬಿಡಲಿಲ್ಲ. ವ್ಯಾನಿನಲ್ಲೇ ಕೂತರೂ ಆ ದಿನವೂ ಅವಳಿಗೆ ನೋವಿರಲಿಲ್ಲ. ಚಾಮರಾಜ ನಕ್ಕರು. "ಶುಕ್ರವಾರ ಆರ್ಟ್ ಕ್ಲಾಸು. ನೋವು ಯಾಕೆ ಬರುತ್ತೆ?"

"ಹಂಗಾದ್ರೆ ಇವತ್ತು ಹೊಸ ಸಿಲಿಂಡರ್ ಹಾಕಿಬಿಡಿ," ಎಂದೆ ಶನಿವಾರ ಬೆಳಿಗ್ಗೆ. ಮಗಳನ್ನು ಅಜ್ಜಿಯ ಪಕ್ಕ ಕೂರಿಸಿ, ಹೊರಗೆ ಬರಬಾರದೆಂದು ಹೇಳಿದೆ. ಫ್ರಿಜ್ ಹೊತ್ತಿಸಿದ ಮೇಲೆ, ಬಾಯ್ಲರ್ ಪಕ್ಕದ ಗೋಡೆಯಲ್ಲಿದ್ದ ಕಾರ್ಬನ್ ಮೊನಾಕ್ಸೈಡ್ ವಿಷಗಾಳಿ ತುಂಬಿದರೆ ಕೂಗುವ ಅಲಾರಂ ಬಿಚ್ಚಿ ತಂದು ಅವಳ ಮೇಜಿನ ಮೇಲಿಟ್ಟೆ. ಬಾಗಿಲು ಹಾಕಿ ಹೊರಗೆ ನಿಂತೆ.

"ಏನು ಪರೀಕ್ಷೆ ಇದು ವೇದಾ? ಚಳೀಲಿ ಎಷ್ಟು ಹೊತ್ತು ನಿಲ್ತೀಯ?" ಎಂದರು ಚಾಮರಾಜ.

"ನೀವು ಒಳಗೆ ಹೋಗಿ ಕಾಫಿ ಕುಡೀರಿ."

ಅವರು ಹೋಗಿ ಕಾಫಿ ಸೋಸುವಷ್ಟರಲ್ಲಿ ಅಲಾರಂ ಕಿರುಚಿತು. ಲೋಟ ಹಿಡಿದೇ ಓಡಿ ಬಂದರು. ಅವರ ಮುಖದಲ್ಲಿ ಆಮೇಲೆ ಮ್ಯಾಥ್ಸ್ ಜೋಕು ಇರಲಿಲ್ಲ. ಗ್ಯಾಸ್ ಮುಚ್ಚಿ, ಬಾಗಿಲು ಕಿಟಕಿಗಳನ್ನೆಲ್ಲ ತೆರೆದು, ಡಾಕ್ಟರಿಗೆ ಫೋನ್ ಮಾಡಿದರು. ಆಸ್ಪತ್ರೆಯಲ್ಲಿ ರಕ್ತ ಪರೀಕ್ಷೆಯಾಯಿತು. ಮಗು ಚೆನ್ನಾಗಿದೆ, ಗ್ಯಾಸ್ ಉರಿಯುವಾಗ ಇನ್ನು ಅಲ್ಲಿ ಕೂರಿಸಬೇಡಿ ಎಂದರು.

"ಬರ್ನರ್ ರಿಪೇರಿ ಮಾಡಿಸೋಣ," ಎಂದರು ಚಾಮರಾಜ ದಾರಿಯಲ್ಲಿ.

"ಬೇಡ. ಮನೇಲಿಡೋ ಅಂಥ ಫ್ರಿಜ್ ಹಾಕಿ. ಕರೆಂಟಿಂದು."

"ಕ್ಯಾಂಪರಿಗೆ ಮನೆ ಫ್ರಿಜ್ ಹಾಕಿದ್ರೆ, ನಾಳೆ ಬೆಟ್ಟದ ಮೇಲೆ ನಿಲ್ಸಿದಾಗ ಕರೆಂಟ್ ಎಲ್ಲಿಂದ ತರ್ಲಿ?"

"ನಾವೆಲ್ಲಿ ಬೆಟ್ಟ ಹತ್ತಿದೀವಿ? ಟೆಸ್ಕೋ ಅಂಗಡಿವರೆಗೂ ಹೋಗಿಲ್ಲ ಅದು."

ಆ ರಾತ್ರಿಯೇ ಅವರು ಫೋನಿನಲ್ಲಿ ಸಣ್ಣ ಫ್ರಿಜ್ ಹುಡುಕತೊಡಗಿದರು. ನನ್ನ ಅನುಮಾನ ಈಗ ಕಾರ್ಕ್‌ನವನ ಮೇಲೆ ತಿರುಗಿತ್ತು. ಎಲ್ಲ ಗೊತ್ತಿದ್ದೇ ಮಾರಿದ್ದಾನೆ, ನಮ್ಮ ಮುಖ ನೋಡಿದಾಗಲೇ ಇವರಿಗೇನೂ ತಿಳಿಯದೆಂದು ಲೆಕ್ಕ ಹಾಕಿದ್ದಾನೆ ಎಂದು ಪಾತ್ರೆ ತೊಳೆಯುವಾಗೆಲ್ಲ ಅವನನ್ನು ಬೈಯುತ್ತಿದ್ದೆ.

ಗ್ಯಾಸಿನವನು ಬಂದು ಪೈಪನ್ನು ಭದ್ರವಾಗಿ ಮುಚ್ಚಿಹೋದ. ಅಡುಗೆ ಕಟ್ಟೆಯ ಕೆಳಗಿಡುವಂಥ ಸಣ್ಣ ಫ್ರಿಜ್ ಬಂತು. ಅದು ಎರಡು ಬೆರಳು ಅಗಲ ಹೆಚ್ಚಿತ್ತು. ಚಾಮರಾಜ ವ್ಯಾನಿನೊಳಗೆ ಮಂಡಿಯೂರಿ ಕಪಾಟಿನ ಹಲಗೆ ಕೊಯ್ದರು. ಓಡುವಾಗ ಬಾಗಿಲು ತೆರೆದುಕೊಳ್ಳದಂತೆ ಚಿಲಕವೊಂದನ್ನೂ ತಂದಿಟ್ಟಿದ್ದರು. ಹಳೆಯದರ ಬಾಗಿಲು ಕಳಚಿ ಹೊರಗೆ ತೆಗೆಯುವ ಮುನ್ನ, ಅದರ ಹಿಂದೆ ವ್ಯಾನಿನ ಹೊರಗೋಡೆಗಿದ್ದ ಜಾಲರಿಗಳನ್ನು ಬಿಚ್ಚಬೇಕಿತ್ತು. ವ್ಯಾನನ್ನು ಬೇಲಿಯಿಂದ ಮುಂದಕ್ಕೆ ತಂದು ನಿಲ್ಲಿಸಿದರು.

"ಮೇಲಿನ ಜಾಲರಿ ಬಿಚ್ಚು ವೇದಾ, ಸ್ಕ್ರೂಡ್ರೈವರ್ ಅಲ್ಲೇ ಇದೆ," ಎಂದರು ಒಳಗಿನಿಂದ.

ಜಾಲರಿಯ ಹಿಂದೆ ಬಟ್ಟೆ ತುಂಬಿತ್ತು. ಹೊಗೆ ಹೊರಗೆ ಹೋಗುವ ದಾರಿಯಲ್ಲಿ, ಪಟ್ಟಿ ಪಟ್ಟಿಯಾಗಿ, ಕಡ್ಡಿಯಿಂದ ಒತ್ತಿ ಒತ್ತಿ ಗಿಡಿದ ಬಟ್ಟೆ. ಅಂಚೆಲ್ಲ ಸುಟ್ಟು ಕಂದಾಗಿತ್ತು. ಕಾರ್ಕ್‌ನವನೇ ಎಂದುಕೊಂಡು ಎಳೆದೆ. ಒಳಗಿನ ಪದರ ಬಿಚ್ಚಿಕೊಂಡಿತು. ಬಿಳಿ ಹತ್ತಿ, ಹಸಿರು ಕಡ್ಡಿ ಅಂಚು. ಅತ್ತೆ ನನಗೆ ಹೊಲಿದುಕೊಟ್ಟ ಮಾಸ್ಕಿಗೂ ಅದೇ ಅಂಚು.

ಅಡುಗೆಮನೆಯ ಕಿಟಕಿಯಲ್ಲಿ ಅತ್ತೆ ನಿಂತಿದ್ದರು. ನಾನು ಬಟ್ಟೆಯನ್ನು ಸೆರಗಿನಲ್ಲಿ ಮುಚ್ಚಿಕೊಂಡು ಒಳಗೆ ಹೋದೆ.

"ಅತ್ತೆ, ಇದು ನೀವು ತುರುಕಿದ್ದಾ?"

"ಹೂಂ. ಮಗು ಅಲ್ಲಿ ಕೂರೋಕೆ ಶುರು ಮಾಡಿದ ವಾರವೇ, ಬಟ್ಟೆ ಒಣಹಾಕೋಕೆ ಹೋದಾಗ ಬೇಲಿ ಸಂದೀಲಿ ಕಂಡ್ತು. ಅಲ್ಲಿಂದಲೇ ಗಾಳಿ ನುಗ್ತಿದ್ದಿದ್ದು. ಮಗು ಕೂರೋದು ಅದರ ಎದುರಿಗೇ ಅಲ್ವಾ." ನನ್ನ ಮುಖ ನೋಡಿದರು. "ಯಾಕಮ್ಮ?"

ಕುರ್ಚಿ ಎಳೆದು ಅವರನ್ನು ಕೂರಿಸಿ, ನಿಧಾನವಾಗಿ ಹೇಳಿದೆ. ಹಿಂದೆ ಜ್ವಾಲೆ ಉರಿಯುತ್ತದೆ, ಅದರ ಹೊಗೆ ಆ ದಾರಿಯಲ್ಲೇ ಹೋಗಬೇಕು, ದಾರಿ ಮುಚ್ಚಿದರೆ ಒಳಗೆ ತಿರುಗುತ್ತದೆ. ಅವರು ಬಟ್ಟೆಯ ಸುಟ್ಟ ತುದಿಯನ್ನು ಬೆರಳಲ್ಲಿ ಉಜ್ಜುತ್ತ ಕೇಳಿದರು. ಉಜ್ಜಿದಲ್ಲೆಲ್ಲ ಪುಡಿಯಾಯಿತು.

"ಚಾಮುಗೆ ಗೊತ್ತಾ?" ಎಂದರು.

"ಇಲ್ಲ. ನೀವೇ ಹೇಳಿ. ನಾನು ಪಕ್ಕದಲ್ಲೇ ಇರ್ತೀನಿ."

ಹೇಳಿದರು. ಚಾಮರಾಜ ಸ್ಕ್ರೂಡ್ರೈವರ್ ಕೆಳಗಿಟ್ಟು, ತಾಯಿಯ ಪಕ್ಕ ವ್ಯಾನಿನ ಮೆಟ್ಟಿಲ ಮೇಲೆ ಕೂತರು. ಆಮೇಲೆ, "ಇನ್ಮೇಲೆ ತೂತು ಕಂಡ್ರೆ ನನ್ನ ಕೇಳಮ್ಮ," ಎಂದರಷ್ಟೇ.

ಈಗ ಹೊಸ ಫ್ರಿಜ್ ವ್ಯಾನಿನಲ್ಲಿ ಸಣ್ಣಗೆ ಗುಂಯ್‌ಗುಡುತ್ತದೆ. ಹಿಟ್ಟು ಹುಳಿಯಾಗದೆ ಇರುತ್ತದೆ. ಮೇಜಿನ ಮೇಲಿನ ಗೋಡೆಗೆ ಹೊಸ ಅಲಾರಂ ಕೂರಿಸಿದ್ದೇವೆ. ಬೆಳಿಗ್ಗೆ ವಸುವಿಗಿಂತ ಮೊದಲು ಅತ್ತೆ ಒಳಗೆ ಹೋಗಿ ಅದರ ಪರೀಕ್ಷೆಯ ಗುಂಡಿ ಒತ್ತುತ್ತಾರೆ.

"ಇಟ್ಸ್ ಗ್ರ್ಯಾಂಡ್, ಅಜ್ಜಿ. ಗ್ಯಾಸೇ ಇಲ್ಲ," ಎನ್ನುತ್ತಾಳೆ ವಸು, ಪುಸ್ತಕ ಎದೆಗವಚಿಕೊಂಡು.

"ಇರಲಿ. ಅದು ಕೂಗಲಿ ಮೊದಲು."

ನಾನು ಒಲೆಯ ಮುಂದೆ ಸೌಟು ಹಿಡಿದು ನಿಂತಿರುತ್ತೇನೆ. ಅದು ಕೂಗಿದ್ದು ಕೇಳಿದ ಮೇಲೆಯೇ ಕಾವಲಿಗೆ ಹಿಟ್ಟು ಹುಯ್ಯುತ್ತೇನೆ.