ತಂಗಿಯ ಹೊಟ್ಟೆಯೊಳಗಿನ ಸಂಸಾರ

ಲ್ಯಾಬಿನ ಹುಡುಗಿ ಫೋನ್ ಮಾಡಿದಾಗ ತಂಗಿ ತನ್ನ ಲಾಂಡ್ರಿಯಲ್ಲಿ ಯಾರದೋ ಬಿಳಿ ಅಂಗಿಯ ಕಾಲರಿಗೆ ಇಸ್ತ್ರಿ ಒತ್ತುತ್ತಿದ್ದಳು. ಫೋನು ನಾನೇ ಎತ್ತಿದೆ. ಆ ಕೆಟ್ಟ ಜೀವಾಣು ಸಿಕ್ಕಿಲ್ಲ ಎಂಬ ಮಾತು ಕಿವಿಗೆ ಬಿದ್ದದ್ದೇ ಸ್ಟೂಲಿನಿಂದ ಎದ್ದುಬಿಟ್ಟೆ.

ತಂಗಿಯ ದೊಡ್ಡ ಕರುಳಿನಿಂದ ಕ್ಯಾನ್ಸರ್ ಗೆಡ್ಡೆ ತೆಗೆದು ವರ್ಷವಾಗುತ್ತ ಬಂದಿತ್ತು. ಬಾಯಲ್ಲಿರಬೇಕಾದ ಜೀವಾಣುವೊಂದು ಆ ಗೆಡ್ಡೆಯೊಳಗೆ ಬಿಡಾರ ಹೂಡಿತ್ತಂತೆ. ಅದು ಕರುಳಿನಲ್ಲಿ ಉಳಿದುಕೊಂಡವರಿಗೆ ಕಾಯಿಲೆ ಮರಳುವುದು ಹೆಚ್ಚೆಂದು ಕಾಣುತ್ತದೆ, ಪೂರ್ತಿ ತಿಳಿದಿಲ್ಲ ಎಂದು ಡಾಕ್ಟರು ಹೇಳಿದ್ದರು. ಮಲದ ಪರೀಕ್ಷೆಯಲ್ಲಿ ಅದು ಇನ್ನೂ ಕಂಡರೆ ಮತ್ತೊಂದು ಸುತ್ತು ಕ್ಯಾನ್ಸರ್ ಔಷಧಿ. ಇಲ್ಲದಿದ್ದರೆ ಆಗಾಗ ತಪಾಸಣೆ ಮಾತ್ರ. ಹಿಂದಿನ ಸುತ್ತಿನಲ್ಲಿ ತಂಗಿಯ ಬೆರಳುಗಳು ಜೋಮು ಹಿಡಿದು, ಇಸ್ತ್ರಿಪೆಟ್ಟಿಗೆಯ ಬಿಸಿಯೇ ತಿಳಿಯದೆ ಅಂಗೈ ಸುಟ್ಟುಕೊಂಡಿದ್ದಳು. ಇನ್ನೊಂದು ಸುತ್ತೆಂದರೆ ಅಂಗಡಿಗೆ ಬೀಗ ಹಾಕಿದ ಹಾಗೆಯೇ.

ಆದರೆ ಹುಡುಗಿಯ ದನಿಯಲ್ಲಿ ಖುಷಿಯಿರಲಿಲ್ಲ.

"ಕೆಟ್ಟದ್ದೂ ಇಲ್ಲ, ಒಳ್ಳೇದೂ ಇಲ್ಲ ಅಮ್ಮ. ಏನೂ ಬೆಳೆದೇ ಇಲ್ಲ. ಹೊಟ್ಟೆ ಅಂದ್ಮೇಲೆ ಕೋಟಿಗಟ್ಟಲೆ ಇರಬೇಕು. ಅವರು ಆ್ಯಂಟಿಬಯೋಟಿಕ್ ಏನಾದ್ರೂ ತಗೊಂಡ್ರಾ, ಕೇಳ್ತೀರಾ?"

ಕೇಳಿದೆ. ತಂಗಿ ಇಸ್ತ್ರಿಪೆಟ್ಟಿಗೆಯನ್ನು ನೆಟ್ಟಗೆ ನಿಲ್ಲಿಸಿ, ಶೆಲ್ಫಿನ ಮೇಲಿದ್ದ ಬಾಟಲಿಗಳ ಕಡೆ ನೋಡಿದಳು.

"ಪಾಪ, ಆ ಹುಡುಗಿ ಡಬ್ಬಿ ಮುಚ್ಚಳ ತೆಗೀಬೇಕಲ್ಲಕ್ಕ. ವಾಸನೆ ಹೊಡೀಬಾರ್ದು ಅಂತ, ಆಸ್ಪತ್ರೆ ಬೆಡ್‌ಶೀಟ್ ನೆನೆಸೋಕೆ ಹಾಕ್ತೀವಲ್ಲ ಆ ಕ್ರಿಮಿನಾಶಕ ಒಂಚೂರು ಹಾಕಿದೆ."

ಟವೆಲು ಮಡಿಸುತ್ತಿದ್ದ ಅವಳ ಗಂಡ, ಮದುವೆಯಾದಾಗಿನಿಂದ ತನ್ನ ಬನಿಯನ್ನಿಗೂ ಅದನ್ನೇ ಸುರಿಯುತ್ತಿದ್ದಾಳೆ, ತಾನು ಬದುಕಿರುವುದೇ ದೊಡ್ಡದು ಎಂದ. ಫೋನಿನ ಆಚೆ ತಡೆಯಲಾರದ ನಗು. ತನ್ನ ಮೂಗಿನ ಬಗ್ಗೆ ಇಷ್ಟು ಕಾಳಜಿ ಮಾಡಿದವರು ಇವರೇ ಮೊದಲು ಎಂದಳು ಹುಡುಗಿ. ಬೈಯಲಿಲ್ಲ. ಜೀವಾಣು ಬೆಳೆಯಲು ದಿನಗಳು ಬೇಕು, ಡಾಕ್ಟರು ಮುಂದಿನ ವಾರ ನಿರ್ಧರಿಸುವವರು, ಆದ್ದರಿಂದ ಹೊಸ ಡಬ್ಬಿ ಈ ಸಂಜೆಯೊಳಗೆ ಬೇಕು ಎಂದಳು.

ಬೇಕೆಂದಾಗ ಬರುವ ಸಂಗತಿಯೇ ಅದು? ಬಿಸಿನೀರು ಕುಡಿಸಿದೆವು, ಬಾಳೆಹಣ್ಣು ತಿನ್ನಿಸಿದೆವು. ಗಂಡ ಅವಳ ಕೈ ಹಿಡಿದು ಇಸ್ತ್ರಿ ಮೇಜಿನ ಸುತ್ತ ನಡೆಸಿದ. ಬಟ್ಟೆ ಒಯ್ಯಲು ಬಂದ ಗಿರಾಕಿಯೊಬ್ಬಳು ವಿಷಯ ಕೇಳಿ, ನಗದೆ, ತನ್ನ ಗಂಟನ್ನು ತಾನೇ ಹುಡುಕಿಕೊಂಡು ಹೋದಳು. ಹೊತ್ತು ಇಳಿಯುವಾಗ ತಂಗಿ ಪದಕ ಗೆದ್ದವಳ ಹಾಗೆ ಡಬ್ಬಿ ಎತ್ತಿ ಹಿಡಿದು ಹೊರಬಂದಳು. ಬಟ್ಟೆ ಸಾಗಿಸುವ ವ್ಯಾನಿನಲ್ಲಿ ಮೂವರೂ ಹಾರಿಹೋದೆವು. ಕೆಲಸದ ವೇಳೆ ಮುಗಿದರೂ ಹುಡುಗಿ, ಬ್ಯಾಗು ಹೆಗಲಿಗೇರಿಸಿಕೊಂಡು, ಲ್ಯಾಬಿನ ಬಾಗಿಲನ್ನು ಕಾಲಿನಿಂದ ತಡೆದು ನಿಂತಿದ್ದಳು.

ಮುಂದಿನ ವಾರ ಅವಳು ಫೋನಿನಲ್ಲಿ ಏನೂ ಹೇಳದೆ ಬರಹೇಳಿದಳು. ದಾರಿಯುದ್ದಕ್ಕೂ ತಂಗಿ ನನ್ನ ಮಣಿಕಟ್ಟು ಬಿಡಲಿಲ್ಲ.

ಕರುಳಿನ ಜೀವಾಣುಗಳಿಗೆ ಗಾಳಿ ತಾಗಿದರೆ ಸಾವಂತೆ. ಅದಕ್ಕೇ ಲ್ಯಾಬಿನಲ್ಲಿ ಅವನ್ನು ಗಾಳಿಯಾಡದ ಪಾರದರ್ಶಕ ಪೆಟ್ಟಿಗೆಯೊಳಗೆ ಬೆಳೆಸಿದ್ದರು. ಅದಕ್ಕೆ ಅಂಟಿಸಿದ ಉದ್ದನೆಯ ಕೈಗವಸುಗಳಲ್ಲಿ ತೋಳು ತೂರಿಸಿ ಹುಡುಗಿ ಒಂದು ತಟ್ಟೆ ಎತ್ತಿ ತೋರಿಸಿದಳು. ತಟ್ಟೆಯ ತುಂಬ ಬಿಳಿ, ಕೆನೆ, ಬೂದು ಚುಕ್ಕೆಗಳು ಒತ್ತೊತ್ತಾಗಿ ಎದ್ದಿದ್ದವು.

"ಇವೆಲ್ಲ ನನ್ನವಾ?" ತಂಗಿಯ ಬಾಯಿ ತೆರೆದೇ ಇತ್ತು.

"ನಿಮ್ಮವೇ."

"ಆ ಕೆಟ್ಟದ್ದು?"

"ಎರಡು ಥರ ಹುಡುಕಿದೆ ಅಮ್ಮ, ಸಿಗಲಿಲ್ಲ. ಔಷಧಿ ಸದ್ಯ ಬೇಡ ಅಂದ್ರು ಡಾಕ್ಟ್ರು."

ತಪಾಸಣೆ ತಪ್ಪಿಸಬಾರದು, ಮುಂದೇನೆಂದು ಯಾರೂ ಮಾತು ಕೊಡಲಾರರು ಎಂದೂ ಅವಳು ಹೇಳಿದಳು. ಅದನ್ನು ನಾನು ಕೇಳಿಸಿಕೊಂಡೆ. ತಂಗಿಯ ಗಂಡ ಗೋಡೆಯ ಕಡೆ ತಿರುಗಿ ಕನ್ನಡಕ ಒರೆಸಿಕೊಳ್ಳುತ್ತಿದ್ದ. ತಂಗಿಯಂತೂ ತಟ್ಟೆಯಿಂದ ಕಣ್ಣು ಕೀಳದೆ, ಇವು ಏನು ತಿನ್ನುತ್ತವೆ ಎಂದು ವಿಚಾರಿಸುತ್ತಿದ್ದಳು. ಸೊಪ್ಪು, ಕಾಳು, ನಾರಿರುವ ತರಕಾರಿ ಎಂದಳು ಹುಡುಗಿ.

ತಂಗಿ ಸೆರಗು ಸರಿಮಾಡಿಕೊಂಡಳು.

"ನಡೀರಿ ಮತ್ತೆ. ಒಳಗಿರೋ ಮಕ್ಕಳಿಗೆ ಬೆಳಗ್ಗೆಯಿಂದ ಏನೂ ಹಾಕಿಲ್ಲ."