ಟವೆಲ್ಲಿನ ಕೆಳಗಿನ ಬೆಲೆ

೧

ಎಲ್ಲಿಂದ ಸುರು ಮಾಡಲಿ? ಲೆಕ್ಕದಿಂದಲೇ ಆಗಲಿ; ಕಥೆ ಕೆಟ್ಟರೂ ಲೆಕ್ಕ ಉಳಿಯುತ್ತದೆ. ಇಸವಿ ಎರಡು ಸಾವಿರದ ಆರು. ಜತ್ತ ಊರಿನ ನೆಟ್ ಕೆಫೆಯಲ್ಲಿ ತಾಸಿಗೆ ಇಪ್ಪತ್ತು ರೂಪಾಯಿ. ಕುರಿ ದಲಾಲರಿಗೆ ವೆಬ್‌ಸೈಟ್ ಮಾಡಿಕೊಡಲು ಕೆಫೆಯ ವಿಜಯಕುಮಾರ ಹೇಳಿದ್ದು ಆರು ಸಾವಿರ. ಪರದೆಯ ಮೇಲೆ ಆ ಕಡೆಯಿಂದ ಈ ಕಡೆಗೆ ಓಡುವ ಟಗರಿಗೆ ಬೇರೆ ಐನೂರು. ಫರೀನಳ ಕಣ್ಣಿಗೆ ಬೆಲೆ ಕಟ್ಟಲಾದೀತೇ?

(ಕೊನೆಯ ವಾಕ್ಯ ಹೊಡೆದುಹಾಕಿದ್ದೇನೆ. ಅದನ್ನು ಕೇಳಿದ ಈ ಕಥೆಯ ಹುಡುಗಿ ಫರೀನ, "ಮಾರಾಕ ಯಾರು ಇಟ್ಟಾರ್ರಿ?" ಅಂದಳು.)

೨

ಮೊದಲ ಡ್ರಾಫ್ಟಿನಲ್ಲಿ ಒಂದು ಸೂರ್ಯಾಸ್ತವಿತ್ತು. ಅದರಿಂದ ಯಾರಿಗೂ ಏನೂ ಉಪಯೋಗವಿರಲಿಲ್ಲ. ತೆಗೆದೆ. ಈಗ ವಿಜಯಕುಮಾರನ ಬೆನ್ನ ಹಿಂದೆ ನಿಲ್ಲುತ್ತೇನೆ. ತಪ್ಪು ಮಾಡಿದವನು ಅವನೇ.

ಕುರಿ ದಲಾಲರ ಸಂತೆಯಲ್ಲಿ ಟಗರಿನ ಬೆಲೆಯನ್ನು ಬಾಯಿಂದ ಹೇಳುವುದಿಲ್ಲ. ಮಾರುವವ, ಕೊಳ್ಳುವವ ಇಬ್ಬರೂ ಕೈಮೇಲೆ ಟವೆಲ್ ಹಾಕಿಕೊಂಡು ಕೆಳಗೆ ಬೆರಳು ಹಿಡಿಯುತ್ತಾರೆ. ಹಿಡಿದ ಬೆರಳೇ ಬೆಲೆ. ಸುತ್ತ ನಿಂತವರಿಗೆ ಇಬ್ಬರ ಮುಖ ಬಿಟ್ಟರೆ ಬೇರೇನೂ ಕಾಣದು. ವೆಬ್‌ಸೈಟಿಗೆ ರೊಕ್ಕ ಕೊಡುವ ಹಿರಿಯ ದಲಾಲ ದುಂಡಪ್ಪ ಒಂದೇ ಷರತ್ತು ಹಾಕಿದ್ದ: "ಟವೆಲ್ ಇರಬೇಕ ನೋಡಪಾ."

ವಿಜಯಕುಮಾರ ಟವೆಲ್ ಮಾಡಿದ. ಗಿರಾಕಿ ಬರೆದ ಬೆಲೆ ಟಗರಿನ ಚಿತ್ರದ ಹಿಂದೆ ಅಡಗಿರುತ್ತದೆ. ಮಾರುವವ ಚಿತ್ರದ ಮೇಲೆ ಮೌಸ್ ಒಯ್ದರೆ ಕಾಣುತ್ತದೆ, ಸರಿಸಿದರೆ ಮುಚ್ಚುತ್ತದೆ. ಒಪ್ಪಿಗೆಯಾದರೆ ಅಲ್ಲೇ ಒತ್ತಬೇಕು. ಇಂಥ ಜಾಣತನಕ್ಕೆ ಐನೂರು ಹೆಚ್ಚೇ ಕೇಳಬಹುದಿತ್ತು ಅಂದುಕೊಂಡ.

೩

ಫರೀನ ದಲಾಲ ಇನಾಯತನ ಮಗಳು. ಹುಟ್ಟಿನಿಂದ ಕಣ್ಣು ಕಾಣದು. ದೊಡ್ಡ ಊರಿನ ಸಾಲಿಯಲ್ಲಿ ಕಂಪ್ಯೂಟರ್ ಕಲಿತು ಬಂದಿದ್ದಳು. ಪರದೆಯ ಮೇಲಿದ್ದದ್ದನ್ನು ಓದಿ ಹೇಳುವ ಪ್ರೋಗ್ರಾಮಿನ ಸೀಡಿ ಅವಳ ಚೀಲದಲ್ಲೇ ಇರುತ್ತಿತ್ತು. ಇನಾಯತನ ಮೊಣಕಾಲು ಹೋಗಿ ಅವನ ಸಂತೆ ಓಡಾಟ ನಿಂತಿತ್ತು. ಅವನ ಮಾತು ಇಷ್ಟು: "ಒಂದ ಟಗರು ನೀನ ಮಾರಿ ತೋರಸು. ಆಗಲಿಲ್ಲಂದ್ರ ದಂಧೆ ಸಲೀಮಗ." ಸಲೀಮ ಅಂದರೆ ಅವನ ಅಣ್ಣನ ಮಗ. ಎರಡು ಕಣ್ಣು, ಒಂದು ಮೋಟರ್‌ಸೈಕಲ್.

ಫರೀನ ಕೆಫೆಗೆ ಬಂದು ಕೂತು, ಸೀಡಿ ಹಾಕಿ, ಕೀಬೋರ್ಡಿನ ಕೀಲಿ ಒತ್ತಿದಳು. ಯಂತ್ರ ಓದಿತು: "ಗ್ರಾಫಿಕ್. ಗ್ರಾಫಿಕ್. ಗ್ರಾಫಿಕ್."

"ವಿಜಯಣ್ಣಾ, ಬೆಲಿ ಎಲ್ಲೈತಿ?"

"ಚಿತ್ರದ ಮ್ಯಾಲ ಮೌಸ್ ಒಯ್ಯವಾ ತಂಗಿ."

"ಚಿತ್ರ ಎಲ್ಲೈತಿ?"

ವಿಜಯಕುಮಾರ ಬೆರಳು ಮಾಡಿ ತೋರಿಸಿದ. ತೋರಿಸಿದ ಮೇಲೆ ಕೈ ಇಳಿಸಿದ. "ನಾ ಓದಿ ಹೇಳತೀನಿ ತಗೋ," ಅಂದ.

"ನೀವು ಓದಿದ್ರ ನೀವು ಮಾರಿದಂಗ ಆತು. ಸಣ್ಣಾಕಿ ಇದ್ದಾಗ ನಮ್ಮ ಅಬ್ಬಾ ಬೆರಳು ಹಿಡದ ಲೆಕ್ಕಾ ಕಲಿಸ್ಯಾರ್ರಿ. ಟವೆಲ್ಲಿನ ಕೆಳಗ ಯಾರಿಗೂ ಕಾಣೂದಿಲ್ಲ. ಅಲ್ಲಿ ದುಂಡಪ್ಪ ಕಾಕಾನೂ ನಾನೂ ಸರಿಸಮ. ನಿಮ್ಮ ಟವೆಲ್ ಕಣ್ಣಿದ್ದವರಿಗಷ್ಟ."

(ಇಲ್ಲಿ ಅವಳ ಕಣ್ಣಲ್ಲಿ ಎರಡು ಹನಿ ನೀರು ತರಿಸೋಣವೆಂದಿದ್ದೆ. "ಬ್ಯಾಡ್ರಿ, ಕೀಬೋರ್ಡ್ ತೊಯ್ತೈತಿ," ಅಂದಳು.)

೪

ಟವೆಲ್ ಬದಲಿಸಬೇಕೆಂಬ ಮಾತು ಕೇಳಿದವನೇ ದುಂಡಪ್ಪ ಸಿಟ್ಟಾದ. "ಟವೆಲ್ ತಗದ್ಯೋ, ರೊಕ್ಕ ಇಲ್ಲ!"

"ತಗಿಯೂದಿಲ್ರಿ ಕಾಕಾ. ಮೌಸಿನಿಂದ ಎತ್ತಿದಂಗ ಕೀಲಿಯಿಂದನೂ ಎತ್ತಾಕ ಬರೂ ಹಂಗ ಮಾಡತೀನಿ. ಓಡೂ ಟಗರು ಮಾತ್ರ ಓದೂ ಯಂತ್ರಕ್ಕ ಅಡ್ಡ ಬರತೈತಿ..." ಅಂದ ವಿಜಯಕುಮಾರ.

ದುಂಡಪ್ಪ ಅತ್ತಿತ್ತ ನೋಡಿ ದನಿ ತಗ್ಗಿಸಿದ. "ಅದನ್ನ ಮೊದಲ ತಗಿ. ಬಾಜೂಕ ಏನರ ಅಳ್ಳಾಡಿದ್ರ ನನಗ ಅಕ್ಷರ ಹಿಡಿಯೂದಿಲ್ಲೋ. ಸಾಲಿ ಕಲಿವಾಗಿಂದ ಹಂಗ. ಎರಡ ಸಲ ಚಷ್ಮಾ ಬದಲಿಸೀನಿ."

ಟಗರು ನಿಂತಿತು. ಕೀಲಿಗೂ ಟವೆಲ್ ಎತ್ತಲು ಬಂತು. ಯಂತ್ರ ಓದಲೆಂದು ಚಿತ್ರಗಳಿಗೆ ಮಾತು ಸೇರಿಸುವಾಗ ವಿಜಯಕುಮಾರ "ಸುಂದರ ಟಗರು" ಎಂದು ಬರೆದ. "ಸುಂದರ ಅಂದ್ರ ಎಷ್ಟು ಹಲ್ಲು?" ಎಂದಳು ಫರೀನ; ಟಗರಿನ ವಯಸ್ಸಿಗೆ ಹಲ್ಲೇ ಲೆಕ್ಕ. "ಎರಡು ಹಲ್ಲು, ಬಿಳಿ ಮೈ, ಕಂದು ಮಚ್ಚೆ" ಎಂದು ತಿದ್ದಿದ.

(ನಾನೂ ಈ ಕಥೆಯಿಂದ ನಾಲ್ಕು ಕಡೆ "ಸುಂದರ" ತೆಗೆದೆ.)

೫

ಅಂತ್ಯ ಒಂದು: ಟಗರು ಒಂಬತ್ತು ಸಾವಿರಕ್ಕೆ ಹೋಗುತ್ತದೆ. ಇನಾಯತ ತನ್ನ ಟವೆಲ್ಲನ್ನು ಮಗಳ ಹೆಗಲಿಗೆ ಹಾಕುತ್ತಾನೆ. ಇನಾಯತ ತಕರಾರು ತೆಗೆದ: "ಅದು ನಾ ಮುಖಾ ಒರಸ್ಕೊಳ್ಳೂ ಟವೆಲ್ಲಪಾ. ಆಕಿಗ್ಯಾಕ?"

ಅಂತ್ಯ ಎರಡು: ವೆಬ್‌ಸೈಟ್ ಮುಳುಗುತ್ತದೆ. ದುಂಡಪ್ಪ ಒಪ್ಪಲಿಲ್ಲ: "ಆರು ಸಾವಿರ ನಿಮ್ಮಪ್ಪ ಕೊಟ್ಟಾನೇನು?"

ಹಾಗಾದರೆ ನಡೆದದ್ದೇ ಇರಲಿ. ಫರೀನ ಕೀಲಿ ಒತ್ತಿದಳು. ಯಂತ್ರ ಅವಳ ಕಿವಿಯಲ್ಲಿ ಮಾತ್ರ ಹೇಳಿತು: ಏಳು ಸಾವಿರದ ಎರಡು ನೂರು. ಖುಷಿ ತಡೆಯಲಾಗಲಿಲ್ಲ, ಒಪ್ಪಿಗೆ ಒತ್ತಿಬಿಟ್ಟಳು. ಚಹಾ ಬರುವಷ್ಟರಲ್ಲಿ ಇನ್ನೊಬ್ಬ ಏಳೂವರೆ ಸಾವಿರ ಬರೆದ.

ಬೇಕಾದರೆ ಕಥೆಯಲ್ಲಿ ಒಪ್ಪಿಗೆಯನ್ನು ಎರಡು ಸಾಲು ಕೆಳಗೆ, ಏಳೂವರೆಯ ನಂತರಕ್ಕೆ, ಸರಿಸುತ್ತೇನೆ ಎಂದೆ.

"ನನ್ನ ನಷ್ಟದಾಗ ನೀವ್ಯಾಕ ಕೈ ಹಾಕತೀರಿ?" ಎಂದಳು.

ಇನಾಯತ ಲೆಕ್ಕ ಕೇಳಿ ಮೊಣಕಾಲು ತಿಕ್ಕಿಕೊಂಡ. "ಸಲೀಮ ಮೊದಲನೇದರಾಗ ಎಂಟನೂರು ಕಳದಿದ್ದ," ಅಂದ. ಆಮೇಲೆ, "ಎರಡನೇದು ಯಾವಾಗ ಹಾಕತಿ?"

ಎರಡನೇ ಟಗರು ಹಾಕಿದ್ದಾಳೆ. ಅದರ ಬೆಲೆ ಚಿತ್ರದ ಹಿಂದಿದೆ, ನಾನು ಎತ್ತಿ ತೋರಿಸುವುದಿಲ್ಲ. ಹೋದದ್ದು ಮುನ್ನೂರು ರೂಪಾಯಿ, ಮತ್ತು ಪರದೆಯ ಮೇಲೆ ಓಡುತ್ತಿದ್ದ ಒಂದು ಟಗರು. ಬಂದದ್ದು ಏಳು ಸಾವಿರದ ಎರಡು ನೂರು. ಅದನ್ನು ಫರೀನ ಯಾರನ್ನೂ ಕೇಳದೆ ತಿಳಿದುಕೊಂಡಳು.